ಗೇಟು ಮುಚ್ಚುವ ಹೊತ್ತಿನೊಳಗೆ: ಬಾಡಿಗೆ ಕ್ಯಾರವಾನಿನಲ್ಲಿ ನಾಲ್ಕು ರಾಷ್ಟ್ರೀಯ ಉದ್ಯಾನಗಳು

ನಮ್ಮ ಮನೆಯವರು ಎರಡು ವರ್ಷಗಳಿಂದ ದೂರದ ಪ್ರಯಾಣವನ್ನು ಕೈಬಿಟ್ಟಿದ್ದರು. ಸಕ್ಕರೆ ಕಾಯಿಲೆಯಿರುವುದರಿಂದ ಅವರ ಊಟದ ಹೊತ್ತು ತಪ್ಪುವಂತಿಲ್ಲ. ಮೊಣಕಾಲು ಬಾಗದ ಕಾರಣ ದಾರಿಯಲ್ಲಿ ಎಲ್ಲೆಂದರಲ್ಲಿ ಇಳಿದು ಶೌಚಕ್ಕೆ ಹೋಗುವುದೂ ಆಗುವುದಿಲ್ಲ. ಆದರೆ ರಾಜ್ಯದ ದೊಡ್ಡ ಕಾಡುಗಳನ್ನೆಲ್ಲ ಒಂದೇ ಸುತ್ತಿನಲ್ಲಿ ನೋಡಿ ಬರಬೇಕೆಂಬುದು, ವಿದ್ಯುತ್ ಇಲಾಖೆಯಲ್ಲಿ ನೌಕರಿ ಮಾಡುತ್ತಿದ್ದ ದಿನಗಳಿಂದಲೂ ಅವರ ಆಸೆ. ಹಾಸಿಗೆ, ಅಡುಗೆಕಟ್ಟೆ, ಶೌಚಾಲಯಗಳನ್ನು ಹೊತ್ತುಕೊಂಡೇ ಓಡಾಡುವ ಕ್ಯಾರವಾನ್ ಹುಬ್ಬಳ್ಳಿಯಲ್ಲಿಯೂ ಬಾಡಿಗೆಗೆ ಸಿಗುತ್ತದೆಯೆಂದು ಮಗಳು ವಿಚಾರಿಸಿ ಹೇಳಿದ ಮೇಲೆ ಆ ಆಸೆಗೆ ಮತ್ತೆ ಜೀವ ಬಂತು. 2024ರ ಅಕ್ಟೋಬರ್ 13ರಂದು, ಬನ್ನಿ ಹಂಚಿದ ಮರುದಿನ, ಧಾರವಾಡದಿಂದ ಹೊರಟು ಒಂಬತ್ತು ದಿನ ಸುತ್ತಿ ಬಂದೆವು. ನಾವಿಬ್ಬರು, ಗದಗಿನಲ್ಲಿರುವ ನನ್ನ ಅಕ್ಕ, ಹನ್ನೊಂದು ವರ್ಷದ ಮೊಮ್ಮಗ, ಕುಂದಗೋಳ ಕಡೆಯ ಡ್ರೈವರ್, ಹೀಗೆ ಐದು ಜನ. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ನಾನು ಕಂಡ ಗುಣದೋಷಗಳಲ್ಲಿ ಹೆಚ್ಚಿನವು ಒಂದು ಸಂಸ್ಥೆಯವಾಗಿರದೆ ಈ ವ್ಯವಹಾರಕ್ಕೇ ಅಂಟಿಕೊಂಡವು.

ಗಾಡಿಗೆ ಹತ್ತಕ್ಕೆ ಏಳು ಅಂಕ, ಡ್ರೈವರಿಗೆ ಹತ್ತಕ್ಕೆ ಹತ್ತು, ಸಂಸ್ಥೆ ಹಾಕಿಕೊಟ್ಟ ಪ್ರವಾಸದ ಯೋಜನೆಗೆ ಹತ್ತಕ್ಕೆ ಎರಡು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳಾದ್ದರಿಂದ ಅಂಕ ಹಾಕುವ ಚಟ ಇನ್ನೂ ಹೋಗಿಲ್ಲ. ಆ ಎರಡು ಅಂಕಗಳನ್ನಾದರೂ ಕೊಟ್ಟದ್ದು ಊರುಗಳ ಹೆಸರುಗಳನ್ನು ತಪ್ಪಿಲ್ಲದೆ ಬರೆದದ್ದಕ್ಕೆ.

ಹೊರಡುವ ಮೂರು ವಾರ ಮೊದಲು ಬಣ್ಣದ ಕಾಗದದಲ್ಲಿ ಮುದ್ರಿಸಿದ ಆ ಯೋಜನೆ ಮನೆಗೆ ಬಂತು. ಅದರಲ್ಲಿ ಅಣಶಿ, ಕುದುರೆಮುಖ, ನಾಗರಹೊಳೆ, ಬಂಡೀಪುರ, ಬನ್ನೇರುಘಟ್ಟ ಎಂಬ ಐದು ರಾಷ್ಟ್ರೀಯ ಉದ್ಯಾನಗಳು ಐದು ರಾತ್ರಿಗಳಿಗೆ ಅಚ್ಚುಕಟ್ಟಾಗಿ ಹೊಂದಿಕೊಂಡು ಕುಳಿತಿದ್ದವು. ಪ್ರತಿ ಹೆಸರಿನ ಮುಂದೆ ‘ಕಾಡಿನ ಮಡಿಲಲ್ಲಿ ವಾಸ್ತವ್ಯ’ ಎಂಬ ಒಕ್ಕಣೆ. ಕರ್ನಾಟಕದ ರಾಷ್ಟ್ರೀಯ ಉದ್ಯಾನಗಳು ಈ ಐದೇ ಎಂಬುದು ನಿಜ. ಆದರೆ ಅವುಗಳಲ್ಲಿ ಯಾವುದರೊಳಗೂ ನಮ್ಮ ಗಾಡಿಯನ್ನು ನಿಲ್ಲಿಸಿಕೊಂಡು ರಾತ್ರಿ ಮಲಗುವ ಅವಕಾಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಹೋಗುವುದೂ ತಪ್ಪು, ತಂಗುವುದೂ ತಪ್ಪು. ಹುಲಿಯ ಕಾಡಿನ ನಡುವೆ ಗಾಡಿ ನಿಲ್ಲಿಸಿ, ಕುರ್ಚಿ ಹಾಕಿಕೊಂಡು, ಚಹಾ ಕುಡಿಯುತ್ತಿರುವ ಸಂಸಾರದ ಚಿತ್ರವೊಂದು ಆ ಕಾಗದದ ಮೇಲಿತ್ತು. ಅದನ್ನು ನಂಬಿ ಕುರ್ಚಿ ಹಾಕಿದವರಿಗೆ ದಂಡ ಖಚಿತ. ಆನೆ ಬಂದರೆ ದಂಡದ ಪ್ರಶ್ನೆಯೂ ಉಳಿಯುವುದಿಲ್ಲ.

ಈ ಕಲ್ಪನೆ ಎಲ್ಲಿಯದೆಂದು ಊಹಿಸುವುದು ಕಷ್ಟವಲ್ಲ. ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನ 1872ರಲ್ಲಿ ಘೋಷಿತವಾದದ್ದು. ಸುಮಾರು 8,980 ಚದರ ಕಿಲೋಮೀಟರ್ ಹರಡಿರುವ ಆ ಕಾಡಿನೊಳಗೆ ಇಂಥ ಗಾಡಿಗಳಿಗೆಂದೇ ಕಟ್ಟಿದ ತಂಗುದಾಣವಿದೆ, ವಿದ್ಯುತ್ ಮತ್ತು ನೀರಿನ ಸಂಪರ್ಕವಿದೆ, ಕೊಳೆನೀರು ಬಿಡುವುದಕ್ಕೆ ಪ್ರತ್ಯೇಕ ಜಾಗವಿದೆ. ನಮ್ಮ ಬಂಡೀಪುರ ಅದರ ಹತ್ತನೆಯ ಒಂದು ಪಾಲಿನಷ್ಟು. ಅಷ್ಟರ ನಡುವೆಯೇ ಎರಡು ರಾಷ್ಟ್ರೀಯ ಹೆದ್ದಾರಿಗಳು ಹಾದುಹೋಗುತ್ತವೆ. ರಾತ್ರಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಿಂದ, ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ 766ನೆಯ ಹೆದ್ದಾರಿಯನ್ನೂ ಊಟಿಗೆ ಹೋಗುವ 181ನೆಯ ಹೆದ್ದಾರಿಯನ್ನೂ ರಾತ್ರಿ 9ರಿಂದ ಬೆಳಗಿನ 6ರ ವರೆಗೆ ಮುಚ್ಚಲಾಗುತ್ತಿದೆ. ನಾಗರಹೊಳೆಯನ್ನು ಹಾದುಹೋಗುವ ಮೈಸೂರು-ಮಾನಂದವಾಡಿ ರಸ್ತೆಯಂತೂ ಸಂಜೆ 6ಕ್ಕೇ ಮುಚ್ಚುತ್ತದೆ. ಹೀಗಿರುವಾಗ ನಮ್ಮ ಯೋಜನೆಯ ಏಳನೆಯ ದಿನ ಏನಿತ್ತೆಂದರೆ, ಗುಂಡ್ಲುಪೇಟೆಯಲ್ಲಿ ರಾತ್ರಿಯ ಊಟ ಮುಗಿಸಿ 9.30ಕ್ಕೆ ಬಂಡೀಪುರದ ಮೂಲಕ ಮಸಿನಗುಡಿಗೆ ಪ್ರಯಾಣ. ಗೇಟು ಮುಚ್ಚಿ ಅರ್ಧ ಗಂಟೆಯಾದ ಮೇಲೆ! ಅದೂ ಸಾಲದೆಂಬಂತೆ ಮಸಿನಗುಡಿ ಇರುವುದು ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ. ಅಲ್ಲಿಗೆ ಹೊರಗಿನ ವಾಹನಗಳು ಹೋಗುವುದಕ್ಕೆ 2024ರ ಮೇ 7ರಿಂದ ಇ-ಪಾಸ್ ಬೇಕು. ಅದರ ಸುದ್ದಿಯೇ ಕಾಗದದಲ್ಲಿರಲಿಲ್ಲ.

ಕಚೇರಿಗೆ ಹೋಗಿ ಕೇಳಿದೆ. “ಅದನ್ನೆಲ್ಲಾ ಡ್ರೈವರ್ ನೋಡ್ಕೋತಾನ್ರೀ ಮೇಡಂ” ಎಂದರು. ಹೊರಟ ಮೇಲೆ ಡ್ರೈವರನ್ನು ಕೇಳಿದರೆ ಆತ, “ನನಗ ಯಾರ್ ಹೇಳ್ಯಾರ್ರೀ ಅಮ್ಮಾರ? ಧಾರವಾಡದಿಂದ ಒಂಬತ್ತ್ ದಿನದ ಬಾಡಿಗಿ ಅಂತ ಅಷ್ಟ ಗೊತ್ತು” ಎಂದ.

ಆದ್ದರಿಂದ ಯೋಜನೆಯನ್ನು ಊಟದ ಟೇಬಲ್ಲಿನ ಮೇಲೆ ನಾವೇ ಹೊಸದಾಗಿ ಮಾಡಿಕೊಂಡೆವು. ಕ್ಯಾರವಾನ್ ಬಾಡಿಗೆಗೆ ಪಡೆಯಬೇಕೆಂದಿರುವವರಿಗೆ ನಾನು ಹೇಳಬೇಕಾದ ಮುಖ್ಯ ಮಾತು ಇದರಲ್ಲಿಯೇ ಇದೆ. ನಮ್ಮ ಕಾಡುಗಳಲ್ಲಿ ಈ ಪ್ರವಾಸವನ್ನು ನಕಾಶೆ ನೋಡಿ ಮಾಡಿದರೆ ನಡೆಯುವುದಿಲ್ಲ, ಗಡಿಯಾರ ನೋಡಿ ಮಾಡಬೇಕು. ಯಾವ ಗೇಟು ಎಷ್ಟಕ್ಕೆ ತೆರೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ ಎಂಬುದನ್ನು ಆಯಾ ಅರಣ್ಯ ಕಚೇರಿಗೆ ಫೋನ್ ಮಾಡಿ ಕೇಳಿ, ನಕಾಶೆಯ ಮೇಲೆ ಕೆಂಪು ಮಸಿಯಲ್ಲಿ ಬರೆದುಕೊಂಡೆ. ಆಮೇಲೆ ಪ್ರತಿ ದಿನದ ಹೊರಡುವ ಹೊತ್ತನ್ನು ಗೇಟಿನಿಂದ ಹಿಂದಕ್ಕೆ ಎಣಿಸುತ್ತ ಬಂದೆ. ರಾತ್ರಿಯ ತಂಗುದಾಣಗಳನ್ನು ಕಾಡಿನ ಅಂಚಿನಿಂದ ಹತ್ತು ಹದಿನೈದು ಕಿಲೋಮೀಟರ್ ಹೊರಗೆ, ವಿಶಾಲವಾದ ಅಂಗಳವಿರುವ ಹೋಮ್‌ಸ್ಟೇಗಳಲ್ಲಿ ಹುಡುಕಿದೆ. ಹದಿನಾಲ್ಕು ಕಡೆ ಮಾತನಾಡಿ ಆರು ಕಡೆ ಒಪ್ಪಿಗೆ ಪಡೆದದ್ದು. ನನ್ನ ಪ್ರಶ್ನೆಗಳು ಎಲ್ಲರಿಗೂ ವಿಚಿತ್ರವೆನಿಸಿದವು: ನಿಮ್ಮ ಗೇಟಿನ ಕಮಾನು ಹತ್ತು ಅಡಿಗಿಂತ ಎತ್ತರವಿದೆಯೇ, ಅಂಗಳದ ಬಳಿ 15 ಆಂಪಿಯರ್ ಪ್ಲಗ್ ಪಾಯಿಂಟ್ ಇದೆಯೇ, ನಳಕ್ಕೆ ಪೈಪು ಜೋಡಿಸಬಹುದೇ, ಗಾಡಿಯ ಶೌಚಾಲಯದ ಡಬ್ಬಿಯನ್ನು ನಿಮ್ಮ ಶೌಚಾಲಯದಲ್ಲಿ ಖಾಲಿ ಮಾಡಲು ಬಿಡುತ್ತೀರಾ. ಕೊನೆಯ ಪ್ರಶ್ನೆಗೆ ಮೂವರು ಫೋನ್ ಇಟ್ಟೇಬಿಟ್ಟರು. ಕಳಸದ ಯಜಮಾನರೊಬ್ಬರು, “ನೀವು ಗಾಡೀಲೇ ಮಲಗೋದಾದ್ರೆ ನಮ್ಮತ್ರ ಬರೋದು ಯಾಕೆ?” ಎಂದು ಕೇಳಿದರೂ, ವಿವರಿಸಿದ ಮೇಲೆ ಎಲ್ಲಕ್ಕೂ ಒಪ್ಪಿದರು.

ಕೊನೆಗೆ ನಿಂತ ದಾರಿ ಹೀಗಿತ್ತು. ಹಳಿಯಾಳದ ಮೇಲೆ ದಾಂಡೇಲಿ. ಅಲ್ಲಿಂದ ಜೋಯಿಡಾ, ಅಣಶಿ ಘಟ್ಟ ಇಳಿದು ಕದ್ರಾ, ಕಾರವಾರ. ಕರಾವಳಿಯ ಹೆದ್ದಾರಿಯಲ್ಲಿ ಕುಂದಾಪುರ. ಕಾರ್ಕಳದಿಂದ ಕುದುರೆಮುಖ ಹತ್ತಿ ಕಳಸ. ಮೂಡಿಗೆರೆ, ಹಾಸನಗಳ ಮೇಲೆ ಹುಣಸೂರು. ನಾಗರಹೊಳೆ ನೋಡಿ ಹೆಗ್ಗಡದೇವನಕೋಟೆ. ಗುಂಡ್ಲುಪೇಟೆಯ ಬಳಿ ಎರಡು ರಾತ್ರಿ. ಆಮೇಲೆ ಚಿತ್ರದುರ್ಗದ ಮಾರ್ಗವಾಗಿ ಊರಿಗೆ. ಬನ್ನೇರುಘಟ್ಟವನ್ನು ಕೈಬಿಟ್ಟೆವು. ಹತ್ತು ಅಡಿ ಎತ್ತರದ ಗಾಡಿಯನ್ನು ಬೆಂಗಳೂರಿನ ಸಂದಣಿಯಲ್ಲಿ ನುಗ್ಗಿಸುವುದಕ್ಕಿಂತ ಹಾವೇರಿ ಜಿಲ್ಲೆಯ ನಮ್ಮದೇ ರಾಣೆಬೆನ್ನೂರಿನ ಕೃಷ್ಣಮೃಗಗಳನ್ನು ನೋಡುವುದು ವಾಸಿ ಎನಿಸಿತು. ದಾಂಡೇಲಿ ಧಾರವಾಡದಿಂದ 60 ಕಿಲೋಮೀಟರ್ ಕೂಡ ಇಲ್ಲ. ಮೊದಲ ದಿನವನ್ನು ಬೇಕೆಂದೇ ಅಷ್ಟು ಗಿಡ್ಡ ಇಟ್ಟದ್ದು, ಗಾಡಿಯಲ್ಲಿ ಏನಾದರೂ ಕೆಟ್ಟರೆ ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಬಂದು ಮುಟ್ಟಲಿ ಎಂದು. ಈ ಮುಂಜಾಗ್ರತೆ ಉಪಯೋಗಕ್ಕೂ ಬಂತು; ನೀರೆತ್ತುವ ಸಣ್ಣ ಪಂಪು ಆ ಸಂಜೆಯೇ ಕೈಕೊಟ್ಟಿತು. ಮರುದಿನ ಬೆಳಿಗ್ಗೆ ಎಂಟಕ್ಕೆ ಹೊಸ ಪಂಪು ಬಂದು ಕೂತಿತು ಎಂಬುದನ್ನು ಸಂಸ್ಥೆಯ ಪರವಾಗಿ ಹೇಳಲೇಬೇಕು.

ಇನ್ನು ಗಾಡಿಯ ವಿಚಾರ. ಟೆಂಪೋ ಟ್ರಾವೆಲರಿನ ಅಡಿಗಟ್ಟಿನ ಮೇಲೆ ಮನೆಯಂಥ ಡಬ್ಬಿಯನ್ನು ಕಟ್ಟಿದ್ದಾರೆ. ಹಿಂಭಾಗದಲ್ಲಿ ಇಬ್ಬರು ಮಲಗುವ ಅಗಲ ಹಾಸಿಗೆ, ನಡುವೆ ಹಗಲು ಸೋಫಾ ಆಗಿ ರಾತ್ರಿ ಹಾಸಿಗೆಯಾಗುವ ಒಂದು ಪೀಠ, ಡ್ರೈವರಿನ ತಲೆಯ ಮೇಲ್ಭಾಗದಲ್ಲಿ ಅಟ್ಟದಂಥ ಇನ್ನೊಂದು ಜಾಗ. ಮೊಮ್ಮಗ ಆ ಅಟ್ಟವನ್ನು ಹತ್ತಿದವನು ಒಂಬತ್ತು ದಿನ ಊಟಕ್ಕೆ ಬಿಟ್ಟು ಇಳಿಯಲಿಲ್ಲ. ಹಾಸಿಗೆ ಗಟ್ಟಿಯಾಗಿದ್ದು ಬೆನ್ನಿಗೆ ಒಳ್ಳೆಯದಾಗಿತ್ತು. ಹತ್ತುವ ಮೆಟ್ಟಿಲು ಮಾತ್ರ ನೆಲದಿಂದ ಒಂದೂವರೆ ಅಡಿ ಎತ್ತರ. ವಯಸ್ಸಾದವರಿಗೆ ಇದು ತ್ರಾಸು. ನಾವು ಮನೆಯಿಂದ ಒಂದು ಕಟ್ಟಿಗೆಯ ಮಣೆಯನ್ನು ಒಯ್ದಿದ್ದೆವು; ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಬಳಕೆಯಾದ ಸಾಮಾನು ಅದೇ.

ವಿದ್ಯುತ್ತಿನ ವಿಷಯದಲ್ಲಿ ಜಾಹೀರಾತಿನ ಮಾತಿಗೂ ವಸ್ತುಸ್ಥಿತಿಗೂ ಬಹಳ ಅಂತರ. ‘ರಾತ್ರಿಯಿಡೀ ಎ.ಸಿ.’ ಎಂದು ಬರೆದಿದ್ದರು. ನಮ್ಮ ಮನೆಯವರು ಮೊದಲ ರಾತ್ರಿಯೇ ಹಾಸಿಗೆಯ ಕೆಳಗಿನ ಮುಚ್ಚಳ ತೆಗೆಸಿ ಬ್ಯಾಟರಿಯ ಮೇಲಿನ ಅಕ್ಷರ ಓದಿ, ಲೆಕ್ಕ ಹೇಳಿದರು. 12 ವೋಲ್ಟಿನ 200 ಆಂಪಿಯರ್-ಅವರ್ ಬ್ಯಾಟರಿಯೆಂದರೆ ತುಂಬಿದಾಗ ಎರಡೂವರೆ ಯೂನಿಟ್ಟಿಗೂ ಕಡಿಮೆ. ಒಂದು ಟನ್ನಿನ ಎ.ಸಿ. ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ ಎಳೆಯುತ್ತದೆ. ಎಂದ ಮೇಲೆ ಎರಡು ಗಂಟೆಗೆ ಮುಗಿಯಿತು. ಚಾವಣಿಯ ಮೇಲಿದ್ದ 300 ವ್ಯಾಟಿನ ಸೋಲಾರ್ ಹಲಗೆ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಒಂದು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ಕೊಟ್ಟೀತು. ನಾವು ಹೋದ ಮೋಡದ ವಾರದಲ್ಲಿ ಅದು ಫ್ಯಾನಿಗೂ ದೀಪಕ್ಕೂ ಸಾಕಾದರೆ ಹೆಚ್ಚು. ಹೊರಗಿನ ಪ್ಲಗ್ಗಿಗೆ ಜೋಡಿಸಿದ ರಾತ್ರಿಗಳಲ್ಲಿ ಎ.ಸಿ. ಬೆಳಗಿನ ತನಕ ನಡೆಯಿತು, ಜೋಡಿಸದ ಕುಂದಾಪುರದ ರಾತ್ರಿ ಹನ್ನೆರಡಕ್ಕೆ ನಿಂತಿತು. ಮಲೆನಾಡಿನಲ್ಲಿ ಅದು ಬೇಕಾಗಲೂ ಇಲ್ಲ. ಕರಾವಳಿಯಲ್ಲಿ ಮಾತ್ರ ವಿದ್ಯುತ್ ಸಂಪರ್ಕವಿರುವ ಜಾಗವನ್ನೇ ಹಿಡಿಯಬೇಕು. ಪೆಟ್ರೋಲ್ ಬಂಕಿನ ಮೂಲೆಯಲ್ಲಿ ನಿಲ್ಲಿಸಿ ಬೆವರುತ್ತ ಮಲಗಿದ ನಮ್ಮಂತೆ ಆಗಬಾರದು.

ಮಳೆಗೆ ಚಾವಣಿ ಸೋರಿತು. ಕಳಸದಲ್ಲಿ ನಡುರಾತ್ರಿ ಗಾಳಿಕಿಂಡಿಯ ಅಂಚಿನಿಂದ ನೀರು ತೊಟ್ಟಿಕ್ಕಲು ಶುರುವಾಗಿ ಅಕ್ಕನ ಹಾಸಿಗೆ ತೊಯ್ದುಹೋಯಿತು. ನಾನು ಎದ್ದು ದೀಪ ಹಾಕಿದಾಗ ಆಕೆ ಹಾಸಿಗೆಯ ಚಿಂತೆಯಿಲ್ಲದೆ ರೊಟ್ಟಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಮಳೆಗಾಲ ಮುಗಿದ ಮೇಲೆ ಕೊಡುವ ಗಾಡಿಗೆ ನೀರು ಹಾಯಿಸಿ ಪರೀಕ್ಷೆ ಮಾಡದೆ ಇರುವುದು ಉದಾಸೀನ. ಇದಕ್ಕೆ ಬೇರೆ ಹೆಸರಿಲ್ಲ. ಅಂಕ ಕಡಿದದ್ದು ಮುಖ್ಯವಾಗಿ ಇಲ್ಲಿಯೇ.

ನೀರಿನ ಟ್ಯಾಂಕು 120 ಲೀಟರಿನದು. ಎಂಟು-ಹತ್ತು ದಿನಕ್ಕೊಮ್ಮೆ ನಳ ಬರುವುದನ್ನು ಕಂಡುಂಡ ಊರಿನವರು ನಾವು, ನೀರನ್ನು ಅಳೆದು ಬಳಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೂ ಐದು ಜನರಿಗೆ ಅದು ಒಂದು ದಿನದ ಮೇಲೆ ಬರಲಿಲ್ಲ. ಸ್ನಾನವನ್ನು ತಂಗಿದ ಮನೆಗಳಲ್ಲಿ ಮುಗಿಸಿ, ಗಾಡಿಯ ನೀರನ್ನು ಮುಖ ತೊಳೆಯಲು, ಪಾತ್ರೆಗೆ, ಶೌಚಕ್ಕೆ ಮಾತ್ರ ಇಟ್ಟುಕೊಂಡರೆ ಹೊಂದುತ್ತದೆ. ಶೌಚಾಲಯ ಸ್ವಚ್ಛವಾಗಿತ್ತು, ಕಮೋಡಿನ ಎತ್ತರ ಸರಿಯಾಗಿತ್ತು, ಹಿಡಿದುಕೊಳ್ಳಲು ಗಟ್ಟಿಯಾದ ಹಿಡಿಕೆಯಿತ್ತು. ಮನೆಯವರ ಮಟ್ಟಿಗೆ ಬಾಡಿಗೆಯ ಅರ್ಧ ಹಣ ಈ ಒಂದು ಮೂಲೆಯಲ್ಲಿಯೇ ವಸೂಲಾಯಿತು. ಆದರೆ ಕಮೋಡಿನ ಕೆಳಗೆ ಜಾರಿಸಿಟ್ಟ ಡಬ್ಬಿ 20 ಲೀಟರಿನದು. ನಾಲ್ಕು ಜನ ಬಳಸಿದರೆ ಎರಡನೆಯ ದಿನ ತುಂಬುತ್ತದೆ. ಅದನ್ನು ಎಲ್ಲಿ ಖಾಲಿ ಮಾಡಬೇಕೆಂಬ ಪ್ರಶ್ನೆಗೆ ಸಂಸ್ಥೆಯವರ ಉತ್ತರ, ಯಾವ ಪೆಟ್ರೋಲ್ ಬಂಕಿನಲ್ಲಾದರೂ ಆಗುತ್ತದೆ ಎಂಬುದಾಗಿತ್ತು. ಮೊದಲ ಬಂಕಿನ ಹುಡುಗ ಡಬ್ಬಿಯನ್ನು ನೋಡಿದ ಕೂಡಲೇ ಕೈಮುಗಿದು ಬೇಡವೆಂದ, ಅವನದೇನೂ ತಪ್ಪಿಲ್ಲ. ಇಂಥ ಗಾಡಿಗಳ ಹೊಲಸು ಹಾಕುವುದಕ್ಕೆ ಒಂದು ಗೊತ್ತಾದ ಜಾಗ ನಾವು ಹೋದ ದಾರಿಯಲ್ಲಿ ಎಲ್ಲಿಯೂ ಕಾಣಲಿಲ್ಲ. ಹೊಳೆಗೋ ಕಾಡಿಗೋ ಸುರಿದು ಕೈ ತೊಳೆದುಕೊಳ್ಳುವವರೂ ಇರಬಹುದು. ಫೋನಿನಲ್ಲಿ ನಾಚಿಕೆಬಿಟ್ಟು ಆ ನಾಲ್ಕನೆಯ ಪ್ರಶ್ನೆಯನ್ನು ಕೇಳಿಟ್ಟುಕೊಂಡದ್ದಕ್ಕೆ ನಮಗೆ ಆ ಗತಿ ಬರಲಿಲ್ಲ.

ಅಡುಗೆಯ ವ್ಯವಸ್ಥೆ ಚೆನ್ನಾಗಿದೆ, ಆದರೆ ಇಂಡಕ್ಷನ್ ಒಲೆಯನ್ನು ಮರೆತುಬಿಡಬೇಕು, ಹತ್ತು ನಿಮಿಷಕ್ಕೆ ಬ್ಯಾಟರಿ ನಿಟ್ಟುಸಿರು ಬಿಡುತ್ತದೆ. 5 ಕಿಲೋ ಗ್ಯಾಸ್ ಸಿಲಿಂಡರ್ ಒಂಬತ್ತು ದಿನಕ್ಕೆ ಸಾಕಾಗಿ ಉಳಿಯಿತು. ಉಳಿಯುವುದಕ್ಕೆ ಕಾರಣ ಅಕ್ಕ. ಆಕೆ ಗದಗಿನಿಂದ ಬರುವಾಗಲೇ ನೂರಿಪ್ಪತ್ತು ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಒಂದು ಡಬ್ಬಿ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು. ಒಲೆಯ ಮೇಲೆ ಆಗಬೇಕಾದದ್ದು ಒಂದು ಪಲ್ಯ, ಬೇಳೆಸಾರು, ಅನ್ನ, ಚಹಾ ಅಷ್ಟೇ. ಸಣ್ಣ ಫ್ರಿಜ್ಜು ಮೊಸರನ್ನೂ ಮನೆಯವರ ಇನ್ಸುಲಿನ್ನನ್ನೂ ಒಂದು ದಿನವೂ ಕೆಡಿಸಲಿಲ್ಲ. ನಾವು ಚಿಕ್ಕವರಿದ್ದಾಗ ಯಲ್ಲಮ್ಮನ ಗುಡ್ಡಕ್ಕೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಹೋಗುವಾಗ ರೊಟ್ಟಿಯ ಬುಟ್ಟಿ ಇದೇ ರೀತಿ ಮೂಲೆಯಲ್ಲಿರುತ್ತಿತ್ತು, ಗಂಡಸರು ಬಂಡಿಯ ಕೆಳಗೆ ಮಲಗುತ್ತಿದ್ದರು. ಅಕ್ಕನ ಪ್ರಕಾರ ಕ್ಯಾರವಾನ್ ಎಂದರೆ ಎತ್ತುಗಳಿಲ್ಲದ ಕೊಲ್ಲಾರಿ ಬಂಡಿ, ಬಾಡಿಗೆ ಮಾತ್ರ ವಿಪರೀತ.

ಗಂಡಸರು ಕೆಳಗೆ ಮಲಗುವ ಮಾತಿನಿಂದ ಡ್ರೈವರಿನ ವಿಷಯಕ್ಕೆ ಬರುತ್ತೇನೆ. ಗಾಡಿಯಲ್ಲಿ ಮಲಗುವ ಜಾಗ ನಾಲ್ಕು ಜನರಿಗೆ. ಐದನೆಯವನು ಎಲ್ಲಿ ಮಲಗಬೇಕೆಂಬುದನ್ನು ಸಂಸ್ಥೆಯವರು ಯೋಚಿಸಿಯೇ ಇಲ್ಲ. ದಾಂಡೇಲಿಯಲ್ಲಿ ಆತ ಸೀಟಿನ ಮೇಲೆಯೇ ಕಾಲನ್ನು ಡ್ಯಾಶ್‌ಬೋರ್ಡಿಗೆ ಚಾಚಿ ರಾತ್ರಿ ಕಳೆದದ್ದನ್ನು ಬೆಳಿಗ್ಗೆ ನೋಡಿ ನನಗೆ ಕಸಿವಿಸಿಯಾಯಿತು. ಅದೇ ಮನುಷ್ಯ ಅರ್ಧ ಗಂಟೆಯ ನಂತರ ನಮ್ಮೆಲ್ಲರನ್ನೂ ಕೂರಿಸಿಕೊಂಡು ಅಣಶಿ ಘಟ್ಟ ಇಳಿಯಬೇಕಿತ್ತು. “ಅಭ್ಯಾಸ ಐತ್ರೀ ಅಮ್ಮಾರ, ನೀವೇನ್ ಮನಸಿಗೆ ಹಚ್ಕೋಬ್ಯಾಡ್ರಿ” ಎಂದ. ಅಂದಿನಿಂದ, ಕುಂದಾಪುರದ ರಾತ್ರಿಯೊಂದನ್ನು ಬಿಟ್ಟರೆ, ತಂಗಿದ ಕಡೆಯಲ್ಲೆಲ್ಲ ಆತನಿಗೊಂದು ಕೋಣೆಯನ್ನು ನಾವೇ ಹಿಡಿದುಕೊಟ್ಟೆವು. ನೀವೂ ಇದನ್ನು ಮೊದಲೇ ಖರ್ಚಿನಲ್ಲಿ ಸೇರಿಸಿಕೊಳ್ಳಿ. ಆತನ ಚಾಲನೆಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಎತ್ತರದ ಗಾಡಿ ತಿರುವುಗಳಲ್ಲಿ ತೊಟ್ಟಿಲಿನಂತೆ ತೂಗುತ್ತದೆ. ಬ್ರೇಕನ್ನೇ ಒತ್ತುತ್ತ ಇಳಿದರೆ ಅದು ಕಾದು ಹಿಡಿತ ತಪ್ಪುತ್ತದೆ. ಆತ ಘಟ್ಟದುದ್ದಕ್ಕೂ ಎರಡನೆಯ ಗೇರಿನಲ್ಲಿ, ಎಂಜಿನ್ನಿನ ಬಿಗಿತದ ಮೇಲೆಯೇ ಇಳಿಸಿದ. ಮಳೆಗೆ ಬಾಗಿದ್ದ ಬಿದಿರು, ಮರದ ಟೊಂಗೆಗಳು ಚಾವಣಿಯ ಸೋಲಾರ್ ಹಲಗೆಗೆ ತಾಗುವಂತಿದ್ದ ಎರಡು ಕಡೆ ಇಳಿದು ನೋಡಿ, ಅಂಗುಲ ಅಂಗುಲ ಸರಿಸಿದ. ಕಪಾಟಿನ ಚಿಲಕ ಹಾಕದೆ ಬಿಟ್ಟಿದ್ದ ನನ್ನ ತಪ್ಪಿಗೆ ಮೊದಲ ತಿರುವಿನಲ್ಲಿಯೇ ಚಹಾದ ಪಾತ್ರೆ ಉರುಳಿತು, ಅದು ಬೇರೆ ಮಾತು.

ಅಣಶಿ 1987ರಲ್ಲಿ ರಾಷ್ಟ್ರೀಯ ಉದ್ಯಾನವಾದದ್ದು. ದಾಂಡೇಲಿ ಅಭಯಾರಣ್ಯದೊಡನೆ ಸೇರಿ ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎನ್ನಿಸಿಕೊಂಡಿದೆ. ಕಪ್ಪು ಚಿರತೆಗೆ ಹೆಸರಾದ ಈ ಕಾಡಿನಲ್ಲಿ ನಮಗೆ ಕಂಡದ್ದು ಮಂಗಟ್ಟೆ ಹಕ್ಕಿಗಳು, ಅದೂ ದಾಂಡೇಲಿಯ ಹೋಮ್‌ಸ್ಟೇಯ ಅಂಗಳದ ಮರದಲ್ಲಿ, ಹಾಸಿಗೆಯ ಕಿಟಕಿಯಿಂದಲೇ.

ಈ ಕಿಟಕಿಯ ನಿಜವಾದ ಬೆಲೆ ತಿಳಿದದ್ದು ಕುದುರೆಮುಖದಲ್ಲಿ. ಕಾರ್ಕಳದ ಕಡೆಯ ಗೇಟಿನಲ್ಲಿ ಸಮಯ ಬರೆದ ಚೀಟಿ ಕೊಟ್ಟು, ದಾರಿಯಲ್ಲಿ ಎಲ್ಲಿಯೂ ನಿಲ್ಲಿಸಬಾರದೆಂದೂ ಹೊತ್ತಿನೊಳಗೆ ಆಚೆಯ ಗೇಟು ಮುಟ್ಟಬೇಕೆಂದೂ ಎಚ್ಚರಿಸಿ ಬಿಟ್ಟರು. ನಿಲ್ಲಿಸುವಂತಿಲ್ಲ ಎಂಬುದು ಕಾರಿನವರಿಗೆ ಬೇಸರದ ಮಾತು. ನಮ್ಮ ಮನೆಯವರು ಮಾತ್ರ ಹಿಂದಿನ ಹಾಸಿಗೆಯಲ್ಲಿ ಕಾಲು ಚಾಚಿ ಒರಗಿಕೊಂಡು, ಅಗಲವಾದ ಕಿಟಕಿಯಿಂದ, ಮಂಜಿನ ನಡುವೆ ಕಾಣುತ್ತ ಮರೆಯಾಗುತ್ತ ಸಾಗಿದ ಹುಲ್ಲಿನ ಗುಡ್ಡಗಳನ್ನೂ ಅವುಗಳ ಸಂದಿಯಲ್ಲಿ ಅಡಗಿದ ಶೋಲಾ ಕಾಡುಗಳನ್ನೂ ಮಾತಿಲ್ಲದೆ ನೋಡಿದರು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಈ ಸೀಮೆಯಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿ ನಿಂತಿತು. ಆಗ ಖಾಲಿಯಾದ ಗಣಿಯ ಊರು ಪಾಚಿಗಟ್ಟಿದ ಗೋಡೆಗಳೊಂದಿಗೆ ಮಳೆಯಲ್ಲಿ ನಿಂತಿರುವುದು ರಸ್ತೆಯಿಂದ ಕಾಣುತ್ತದೆ. ಕಾರಿನ ಸೀಟಿನಲ್ಲಿ ಮೊಣಕಾಲು ಮಡಚಿ ಕುಳಿತಿದ್ದರೆ ಅವರು ಆ ಹೊತ್ತಿಗೆ ನೋವಿನ ಮಾತ್ರೆ ಹುಡುಕುತ್ತಿದ್ದರು.

ನಾಗರಹೊಳೆಯಲ್ಲಿಯೂ ಬಂಡೀಪುರದಲ್ಲಿಯೂ ಸಫಾರಿಗೆ ಅರಣ್ಯ ಇಲಾಖೆ ಗೊತ್ತುಮಾಡಿದ ವಾಹನವೇ ಆಗಬೇಕು. ಕ್ಯಾರವಾನು ಕೌಂಟರಿನ ಬಳಿ ನಿಂತುಕೊಂಡು ಕಾಯುತ್ತದೆ. ಹಾಗಿದ್ದ ಮೇಲೆ ಅದನ್ನು ಅಷ್ಟು ದೂರ ಒಯ್ದು ಪ್ರಯೋಜನವೇನು ಎಂದು ಕೇಳಬಹುದು. ಪ್ರಯೋಜನವಿರುವುದು ಸಫಾರಿಗೆ ಮೊದಲಿನ ಒಂದು ಗಂಟೆಯಲ್ಲಿ. ಬಂಡೀಪುರದ ಸಫಾರಿ ಕೌಂಟರ್ ಈಗ ಮೇಲುಕಾಮನಹಳ್ಳಿಯಲ್ಲಿದೆ. ಬೆಳಿಗ್ಗೆ ಐದೂವರೆಗೆ ನಾವು ಅಲ್ಲಿ ಮುಟ್ಟಿದಾಗ ಕಾರುಗಳಲ್ಲಿ ಬಂದವರು ಚಳಿಗೆ ನಡುಗುತ್ತ, ಶೌಚಾಲಯದ ಮುಂದೆ ಸಾಲು ನಿಂತಿದ್ದರು. ನಾವು ನಮ್ಮದರಲ್ಲಿಯೇ ಎಲ್ಲ ಮುಗಿಸಿ, ಮನೆಯವರಿಗೆ ಇನ್ಸುಲಿನ್ ಕೊಟ್ಟು, ಅವಲಕ್ಕಿ ತಿನ್ನಿಸಿ, ಶುಂಠಿ ಚಹಾ ಕುಡಿದು, ಟಿಕೆಟ್ಟಿಗೆ ಇಳಿದೆವು. ಆ ಬೆಳಿಗ್ಗೆ ಮರಿಯೊಂದಿಗೆ ಮೂರು ಆನೆಗಳು, ರಸ್ತೆಯಂಚಿನ ಕಾಡೆಮ್ಮೆಗಳ ಹಿಂಡು, ಜಿಂಕೆಯ ಮೇಲೆ ಕಣ್ಣಿಟ್ಟು ನಿಂತ ಏಳು ಸೀಳುನಾಯಿಗಳು ಕಂಡವು. ಹುಲಿ ಕಾಣಲಿಲ್ಲ. ಮಳೆಗಾಲ ಮುಗಿದ ಹೊಸತರಲ್ಲಿ ಹುಲ್ಲು ಎದೆಯೆತ್ತರ ಬೆಳೆದಿರುತ್ತದೆ, ನೀರು ಎಲ್ಲ ಕಡೆ ಸಿಗುವುದರಿಂದ ಪ್ರಾಣಿಗಳು ಕೆರೆಗಳ ಬಳಿ ಬರುವುದಿಲ್ಲ. ಹುಲಿಗಾಗಿಯೇ ಹೋಗುವವರು ಬೇಸಿಗೆಯಲ್ಲಿ ಹೋಗಬೇಕು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ಬಿಡುವುದಿಲ್ಲ, ಬುಡದಿಂದ ಸಾರಿಗೆ ಬಸ್ಸಿನಲ್ಲಿ ಹತ್ತಬೇಕು. ಬಸ್ಸಿನ ಮೆಟ್ಟಿಲು ನೋಡಿ ಮನೆಯವರು ಗಾಡಿಯಲ್ಲಿಯೇ ಉಳಿದು ಎರಡು ತಾಸು ನಿದ್ದೆ ಮಾಡಿದರು. ಕಾದು ಕುಳಿತವರಿಗೆ ಹಾಸಿಗೆ ಇರುವ ವಾಹನ ಬೇರೆ ಯಾವುದಿದೆ?

ಖರ್ಚಿನ ಲೆಕ್ಕ. ಬಾಡಿಗೆ ದಿನಕ್ಕೆ 9,000 ರೂಪಾಯಿಯಂತೆ ಒಂಬತ್ತು ದಿನಕ್ಕೆ 81,000. ಓಡಿದ್ದು 1,528 ಕಿಲೋಮೀಟರ್; ಲೀಟರಿಗೆ ಒಂಬತ್ತು ಕಿಲೋಮೀಟರಿನಂತೆ ಡೀಸೆಲ್ಲಿಗೆ ಸುಮಾರು 15,200. ಡ್ರೈವರಿನ ಭತ್ತೆ 5,400. ಅಂಗಳದ ಬಾಡಿಗೆ ಮತ್ತು ಡ್ರೈವರಿನ ಕೋಣೆ ಸೇರಿ 8,400, ಟೋಲು 2,000. ಒಟ್ಟು 1,12,000 ರೂಪಾಯಿ; ಸಫಾರಿಯ ಟಿಕೆಟ್ಟುಗಳು ಬೇರೆ. ದೊಡ್ಡ ಟ್ಯಾಕ್ಸಿ ಹಿಡಿದು, ಲಾಡ್ಜುಗಳಲ್ಲಿ ಎರಡು ಕೋಣೆ ಮಾಡಿ, ಹೋಟೆಲಿನಲ್ಲಿ ಉಂಡಿದ್ದರೆ ಇದಕ್ಕಿಂತ ಏಳೆಂಟು ಸಾವಿರ ಕಡಿಮೆಯೇ ಆಗುತ್ತಿತ್ತು. ಕ್ಯಾರವಾನಿನಲ್ಲಿ ಲಾಡ್ಜಿನ ಹಣ ಉಳಿಯುತ್ತದೆ ಎಂಬ ಜಾಹೀರಾತಿನ ಮಾತಿಗೆ ಆಧಾರವಿಲ್ಲ. ಗಟ್ಟಿಮುಟ್ಟಾದ ಮೊಣಕಾಲಿನವರು, ಹೋಟೆಲ್ ಊಟ ಒಗ್ಗುವವರು ಇದಕ್ಕೆ ಹಣ ಹಾಕುವ ಅಗತ್ಯವೂ ನನಗೆ ಕಾಣುವುದಿಲ್ಲ. ಪಥ್ಯ, ಔಷಧ, ಶೌಚದ ತೊಂದರೆಯಿರುವ ಹಿರಿಯರನ್ನು ಕರೆದೊಯ್ಯುವವರಿಗೆ, ಯೋಜನೆಯನ್ನು ತಾವೇ ಮಾಡಿಕೊಳ್ಳುವ ತಾಳ್ಮೆಯಿದ್ದರೆ, ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಗೇಟಿನ ವೇಳೆ, ಸಫಾರಿಯ ನಿಯಮಗಳು ಬದಲಾಗುತ್ತಿರುತ್ತವೆ. ನನ್ನ ಬರಹವನ್ನು ನೆಚ್ಚದೆ ಹೊರಡುವ ವಾರ ಮತ್ತೊಮ್ಮೆ ವಿಚಾರಿಸಿಕೊಳ್ಳಿ.

ಕೊನೆಯ ದಿನ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳನ್ನು ನೋಡಿಕೊಂಡು, ಮನೆ ಮುಟ್ಟಿ ಸಾಮಾನು ಇಳಿಸಿ, ಸಂಜೆ ಹುಬ್ಬಳ್ಳಿಗೆ ಹೋಗಿ ಗಾಡಿ ಒಪ್ಪಿಸಿದೆವು. ಠೇವಣಿಯಾಗಿ ಇಟ್ಟಿದ್ದ 20,000 ರೂಪಾಯಿಯಲ್ಲಿ 3,500ನ್ನು, ಹಾಸಿಗೆ ಒದ್ದೆಯಾಗಿದೆಯೆಂಬ ಕಾರಣಕ್ಕೆ ಹಿಡಿದುಕೊಂಡರು. ಸೋರಿದ ಚಾವಣಿ ಅವರದು, ತೊಯ್ದದ್ದು ನಮ್ಮ ಅಕ್ಕ. ಆದರೂ ದಂಡ ನಮಗೆ. ಮೊಮ್ಮಗ ಆ ರಾತ್ರಿ ಮೊಬೈಲಿನಲ್ಲಿ ಹಿಡಿದಿದ್ದ ಚಿತ್ರ, ಗಾಳಿಕಿಂಡಿಯಿಂದ ತೊಟ್ಟಿಕ್ಕುವ ನೀರು ಮತ್ತು ಅದರ ಕೆಳಗೆ ಬುಟ್ಟಿ ಹಿಡಿದು ಕುಳಿತ ಅವನ ದೊಡ್ಡಜ್ಜಿ, ಎರಡೂ ಸ್ಪಷ್ಟವಾಗಿ ಕಾಣುವಂಥದು. ಅದನ್ನು ಒಂದು ಪತ್ರದೊಂದಿಗೆ ಕಳಿಸಿದೆ. ಹನ್ನೊಂದನೆಯ ದಿನ ಪೂರ್ತಿ 20,000 ಖಾತೆಗೆ ಬಂತು, ಜೊತೆಗೆ ಬೇಸಿಗೆ ರಜೆಯ ಹೊಸ ಯೋಜನೆಯ ಬಣ್ಣದ ಕಾಗದವೂ ಬಂತು; ಅದರಲ್ಲಿ ರಾತ್ರಿ 9.30ಕ್ಕೆ ಬಂಡೀಪುರ ದಾಟುವುದು ಹಾಗೆಯೇ ಇದೆ.